ಕಾರನ್ನು ನೆಲಕ್ಕಿಳಿಸಿದ ಹಾರ್ಲೆ ಅರ್ಲ್

ಅಮೆರಿಕದ ಹಳೆಯ ವಾಹನಗಳ ಹವ್ಯಾಸಿಗಳದ್ದು ಒಂದು ಪ್ರತ್ಯೇಕ ಲೋಕ. 1950ರ ದಶಕದ ಷೆವರ್ಲೆ ಪಿಕಪ್ ಲಾರಿಯೊಂದನ್ನು ಕೊಂಡು, ಅದರ ಷಾಸಿಯನ್ನು ಕತ್ತರಿಸಿ, ಮತ್ತೆ ಬೆಸೆದು, ಮುಂಭಾಗವನ್ನು ನೆಲಕ್ಕೆ ಕೆಲವೇ ಅಂಗುಲಗಳಷ್ಟು ಸಮೀಪ ತಂದು ನಿಲ್ಲಿಸುವುದು ಅವರಿಗೆ ವರ್ಷಗಟ್ಟಲೆಯ ತಪಸ್ಸು. ಹುಲ್ಲು, ಮರ, ಗೊಬ್ಬರದ ಮೂಟೆ ಹೊರಲೆಂದು ಹುಟ್ಟಿದ ಲಾರಿಗೆ ಈ ಶೃಂಗಾರವೇಕೆ ಎಂದು ಹೊರಗಿನವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ತಗ್ಗಿ ನಿಂತ ವಾಹನವೇ ಚೆಲುವಾದ ವಾಹನ ಎಂಬ ಈ ಅಭಿರುಚಿ ಕೇವಲ ಬೀದಿಬದಿಯ ಗ್ಯಾರೇಜುಗಳಲ್ಲಿ ಬೆಳೆದದ್ದಲ್ಲ. ಜಗತ್ತಿನ ಅತಿ ದೊಡ್ಡ ಕಾರು ಕಂಪೆನಿಯ ಉನ್ನತ ಕೊಠಡಿಯಲ್ಲಿ ಕುಳಿತು, ಮೂರು ದಶಕಗಳ ಕಾಲ ಅದನ್ನೇ ಜಪಿಸಿದ ಒಬ್ಬ ವ್ಯಕ್ತಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿದ. ಆತನೇ ಹಾರ್ಲೆ ಅರ್ಲ್.

ಜನರಲ್ ಮೋಟಾರ್ಸ್ ಕಂಪೆನಿಯ ಮೊದಲ ವಿನ್ಯಾಸ ಮುಖ್ಯಸ್ಥನಾಗಿದ್ದ ಅರ್ಲ್ 1969ರಲ್ಲಿ ತೀರಿಕೊಂಡ. ಕಾರಿನ ಹಿಂಬದಿಯ ಮೀನಿನ ರೆಕ್ಕೆ, ಥಳಥಳಿಸುವ ಕ್ರೋಮ್, ಕಾರ್ವೆಟ್ ಎಂಬ ಕ್ರೀಡಾ ಕಾರು ಇವುಗಳಿಂದಾಗಿ ಆತನ ಹೆಸರು ಇಂದಿಗೂ ಕೇಳಿಬರುತ್ತದೆ. ಆದರೆ ಆತನ ನಿಜವಾದ ಸಾಧನೆ ಕಣ್ಣಿಗೆ ಕಾಣುವ ಈ ಅಲಂಕಾರಗಳಲ್ಲಿಲ್ಲ. ಕಾರಿನ ಸೊಬಗು ಅದರ ಮೈಯಲ್ಲಲ್ಲ, ಮೈಯನ್ನು ಹೊತ್ತ ಉಕ್ಕಿನ ಚೌಕಟ್ಟಿನಲ್ಲಿ ಅಡಗಿದೆ ಎಂಬುದನ್ನು ಕಂಡುಕೊಂಡದ್ದೇ ಆತನ ದೊಡ್ಡಸ್ತಿಕೆ. ಆ ಚೌಕಟ್ಟಿನ ಮೇಲೆ ಆತನ ಕಾಲ ಹೇರಿದ ಭಾರಕ್ಕೆ ಬೆಲೆ ತೆತ್ತವರು ಬೇರೆಯವರು ಎಂಬುದು ಅದೇ ಕತೆಯ ಇನ್ನೊಂದು ಮುಖ.

ಸಾರೋಟಿನ ಮನೆಯ ಹುಡುಗ

ಅರ್ಲ್ ಹುಟ್ಟಿದ್ದು 1893ರ ನವೆಂಬರ್ 22ರಂದು, ಕ್ಯಾಲಿಫೋರ್ನಿಯಾದಲ್ಲಿ. ತಂದೆ ಕುದುರೆ ಸಾರೋಟುಗಳನ್ನು ಕಟ್ಟುವ ಕಸುಬಿನವರು. ಕುದುರೆಯ ಕಾಲ ಮುಗಿಯುತ್ತಿದೆ ಎಂಬುದನ್ನು ಬೇಗನೆ ಗ್ರಹಿಸಿದ ಅವರು 1908ರ ಹೊತ್ತಿಗೆ ತಮ್ಮ ಕಾರ್ಖಾನೆಯನ್ನು ಮೋಟಾರು ಕಾರುಗಳಿಗೆ ಮೈ ಕಟ್ಟುವ ಕೆಲಸಕ್ಕೆ ತಿರುಗಿಸಿದರು. ಹಾರ್ಲೆ ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಪದವಿ ಪಡೆಯಲಿಲ್ಲ. ಅಪ್ಪನ ಕಾರ್ಖಾನೆಯೇ ಆತನ ಪಾಠಶಾಲೆಯಾಯಿತು.

ಆ ಕಾರ್ಖಾನೆಗೆ ಬರುತ್ತಿದ್ದ ಗಿರಾಕಿಗಳು ಸಾಮಾನ್ಯರಲ್ಲ. ಮೂಕಿಚಿತ್ರಗಳ ಹಾಲಿವುಡ್ ಆಗಷ್ಟೇ ಹಣ ಕಾಣುತ್ತಿತ್ತು. ಹಾಸ್ಯನಟ ಫ್ಯಾಟಿ ಆರ್ಬಕಲ್, ಕೌಬಾಯ್ ಪಾತ್ರಗಳ ಟಾಮ್ ಮಿಕ್ಸ್ ಮೊದಲಾದ ತಾರೆಯರು ತಮ್ಮ ಕಾರು ಬೇರೆಯವರ ಕಾರಿನಂತೆ ಇರಬಾರದು ಎಂದು ಬಯಸಿ ಬರುತ್ತಿದ್ದರು. 1919ರಲ್ಲಿ ಕ್ಯಾಡಿಲಾಕ್ ಕಾರುಗಳ ಪಶ್ಚಿಮ ಕರಾವಳಿಯ ವಿತರಕ ಡಾನ್ ಲೀ ಈ ಕಾರ್ಖಾನೆಯನ್ನು ಕೊಂಡುಕೊಂಡರೂ ವಿನ್ಯಾಸದ ಹೊಣೆ ಹಾರ್ಲೆಯ ಕೈಯಲ್ಲೇ ಉಳಿಯಿತು.

ಅಲ್ಲಿ ಆತ ರೂಢಿಸಿಕೊಂಡ ಒಂದು ಕ್ರಮ ಮುಂದೆ ಇಡೀ ಉದ್ಯಮದ ಕ್ರಮವಾಯಿತು. ಮರವನ್ನು ಕೆತ್ತಿ, ತಗಡನ್ನು ಬಡಿದು ಮಾದರಿ ಮಾಡುವ ಬದಲು ಆತ ಜೇಡಿಮಣ್ಣನ್ನು ಬಳಸಿದ. ಮಣ್ಣಿನಲ್ಲಿ ರೇಖೆಯೊಂದನ್ನು ಒಂದು ಬೆರಳಿನಷ್ಟು ಕೆಳಗಿಳಿಸಲು ನಿಮಿಷಗಳು ಸಾಕು. ಬಾನೆಟ್ಟು, ಬಾಗಿಲು, ಮಡ್ಗಾರ್ಡುಗಳನ್ನು ಬಿಡಿ ಭಾಗಗಳಾಗಿ ನೋಡದೆ ಇಡೀ ಕಾರನ್ನು ಒಂದೇ ಶಿಲ್ಪವಾಗಿ ನೋಡುವ ಕಣ್ಣು ಆತನಿಗೆ ಬಂದದ್ದು ಈ ಮಣ್ಣಿನಿಂದಲೇ.

ಡೆಟ್ರಾಯಿಟ್‌ನಿಂದ ಬಂದ ಕರೆ

ಕ್ಯಾಡಿಲಾಕ್ ವಿಭಾಗದ ಮುಖ್ಯಸ್ಥ ಲಾರೆನ್ಸ್ ಫಿಷರ್ ಕ್ಯಾಲಿಫೋರ್ನಿಯಾದಲ್ಲಿ ಅರ್ಲ್‌ನ ಕೆಲಸ ಕಂಡು ಆತನನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡರು. 1927ರಲ್ಲಿ ಮಾರುಕಟ್ಟೆಗೆ ಬಂದ ಲಾಸಾಲ್ ಕಾರು ಆ ಭೇಟಿಯ ಫಲ. ಯುರೋಪಿನ ದುಬಾರಿ ಹಿಸ್ಪಾನೊ-ಸುಯಿಜಾ ಕಾರಿನ ಛಾಯೆ ಅದರ ಮೇಲಿದ್ದುದನ್ನು ಅರ್ಲ್ ಮುಚ್ಚಿಡಲಿಲ್ಲ. ಕಾರು ಜನರಿಗೆ ಹಿಡಿಸಿತು. ಅದೇ ವರ್ಷ ಕಂಪೆನಿಯ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಕಲೆ ಮತ್ತು ಬಣ್ಣದ ವಿಭಾಗವೆಂಬ ಹೊಸ ಶಾಖೆಯನ್ನು ತೆರೆದು ಅರ್ಲ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದರು. ಆರಂಭದಲ್ಲಿ ಅಲ್ಲಿದ್ದವರು 50 ಮಂದಿ. ಅವರಲ್ಲಿ ವಿನ್ಯಾಸಕಾರರು 10 ಮಂದಿ ಮಾತ್ರ.

ಆರಡಿ ನಾಲ್ಕಂಗುಲ ಎತ್ತರದ ಆಳು, ಕಣ್ಣು ಕೋರೈಸುವ ಬಣ್ಣದ ಸೂಟು, ಕೆರಳಿದರೆ ನಡುಗಿಸುವ ಕೋಪ. ಅರ್ಲ್ ತಾನೇ ಕುಳಿತು ಚಿತ್ರ ಬರೆಯುತ್ತಿದ್ದುದು ಅಪರೂಪ. ಕುರ್ಚಿಯಲ್ಲಿ ಕುಳಿತು ಮಾದರಿಯನ್ನು ದಿಟ್ಟಿಸುತ್ತ, ಈ ಗೆರೆ ಇನ್ನಷ್ಟು ಕೆಳಗೆ, ಆ ಗೆರೆ ಇನ್ನಷ್ಟು ಹಿಂದಕ್ಕೆ ಎಂದು ಹೇಳಿ ಮಾಡಿಸುವುದು ಆತನ ರೀತಿಯಾಗಿತ್ತು. ಆದರೆ ಕಾರ್ಖಾನೆಯ ಎಂಜಿನಿಯರುಗಳ ಪಾಲಿಗೆ ಆತ ಹಾಲಿವುಡ್‌ನಿಂದ ಬಂದ ಅಲಂಕಾರಗಾರ ಮಾತ್ರ. ಆತನ ಮಾತು ಅವರ ಅಂಗಳದಲ್ಲಿ ನಡೆಯುತ್ತಿರಲಿಲ್ಲ.

ಐದು ಅಂಗುಲದ ಪಾಠ

ಅದರ ಪರಿಣಾಮ 1929ರ ಬ್ಯೂಯಿಕ್ ಕಾರಿನಲ್ಲಿ ಬಯಲಾಯಿತು. ಕಿಟಕಿಯ ಕೆಳಗೆ ಮೈಯನ್ನು ತುಸುವೇ ಉಬ್ಬಿಸಿ ಅರ್ಲ್ ಒಂದು ನಯವಾದ ಬಾಗು ಕೊಟ್ಟಿದ್ದ. ಉತ್ಪಾದನೆಯ ಅನುಕೂಲಕ್ಕಾಗಿ ಕಾರ್ಖಾನೆಯವರು ಬಾಗಿಲಿನ ತಗಡನ್ನು ಕೆಳಭಾಗದಲ್ಲಿ ಒಳಕ್ಕೆ ಎಳೆದರು. ಜೊತೆಗೆ ಕಾರಿನ ಎತ್ತರಕ್ಕೆ 5 ಅಂಗುಲ ಸೇರಿಸಿದರು. ಬಾಗು ಹೋಗಿ ಬೊಜ್ಜಾಯಿತು. ತುಂಬು ಗರ್ಭಿಣಿಯಂತಿದೆ ಎಂದು ಜನ ಗೇಲಿ ಮಾಡಿದರು. ಮಾರಾಟ ಕುಸಿಯಿತು; ಆ ವಿನ್ಯಾಸವನ್ನೇ ಕಂಪೆನಿ ಕೈಬಿಟ್ಟಿತು.

ಈ ಸೋಲಿನಿಂದ ಅರ್ಲ್ ಎರಡು ಪಾಠ ಕಲಿತ. ವಿನ್ಯಾಸಕಾರನ ಮಾತು ಕಾರ್ಖಾನೆಯ ಕೊನೆಯ ಹಂತದವರೆಗೆ ನಡೆಯದಿದ್ದರೆ ಚಿತ್ರಕ್ಕೆ ಬೆಲೆಯಿಲ್ಲ ಎಂಬುದು ಒಂದು. ಒಂದು ಕಾರಿನ ಸೊಗಸು ಕೆಲವೇ ಅಂಗುಲಗಳ ಎತ್ತರದಲ್ಲಿ ಉಳಿಯುತ್ತದೆ ಅಥವಾ ಅಳಿಯುತ್ತದೆ ಎಂಬುದು ಇನ್ನೊಂದು. ಚೌಕಕ್ಕಿಂತ ಉದ್ದನೆಯ ಆಯತ ಕಣ್ಣಿಗೆ ಹಿತ ಎಂಬುದು ಆತನ ನಂಬಿಕೆ. ಅಮೆರಿಕದ ಕಾರನ್ನು ಉದ್ದವಾಗಿಸುವುದು, ತಗ್ಗಿಸುವುದು ಇವೆರಡೇ ತನ್ನ ಜೀವಮಾನದ ಉದ್ದೇಶ ಎಂದು ಆತ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡ.

ವೇದಿಕೆಯ ಮೇಲೆ ತುಂಡಾದ ಷಾಸಿ

ಆದರೆ ತಗ್ಗಿಸುವುದು ಹೇಗೆ? ಅಂದಿನ ಕಾರಿನ ಕಟ್ಟೋಣ ಸರಳವಾಗಿತ್ತು. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ನೋಡಲು ಏಣಿಯನ್ನು ಮಲಗಿಸಿದಂತೆ. ಈ ಏಣಿಯ ಕೆಳಗೆ ಪಟ್ಟಿಪಟ್ಟಿಯ ಲೀಫ್ ಸ್ಪ್ರಿಂಗುಗಳು, ಅದರ ಕೆಳಗೆ ಆಕ್ಸಲ್. ಏಣಿಯ ಮೇಲೆ ನೆಲಹಾಸು, ಅದರ ಮೇಲೆ ಸೀಟು, ಅದರ ಮೇಲೆ ಟೋಪಿ ಧರಿಸಿದ ಪ್ರಯಾಣಿಕ. ಒಂದರ ಮೇಲೊಂದು ಪೇರಿಸಿದ ಈ ಪದರಗಳಿಂದಾಗಿ 1920ರ ದಶಕದ ಮುಚ್ಚಿದ ಕಾರುಗಳು ಸುಮಾರು ಆರಡಿ ಎತ್ತರ ನಿಲ್ಲುತ್ತಿದ್ದವು. ಹತ್ತಲು ಪಕ್ಕದಲ್ಲಿ ಮೆಟ್ಟಿಲಹಲಗೆ ಬೇಕಾಗಿತ್ತು. ಛಾವಣಿಯನ್ನು ಎಷ್ಟು ಕೊಯ್ದರೂ ಇದಕ್ಕೆ ಪರಿಹಾರವಿರಲಿಲ್ಲ. ಇಳಿಯಬೇಕಾದದ್ದು ತಳ.

ಚೌಕಟ್ಟನ್ನು ಮುಟ್ಟಲಾಗದು ಎಂಬುದು ಎಂಜಿನಿಯರುಗಳ ಹಟ. ಅದಕ್ಕೆ ಅರ್ಲ್ ಕೊಟ್ಟ ಉತ್ತರವನ್ನು ಆತನೇ 1954ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ನೆನಪಿಸಿಕೊಂಡಿದ್ದಾನೆ. ಕಂಪೆನಿಯ ಹಿರಿಯರನ್ನು ಆತ ಒಂದು ಪ್ರದರ್ಶನಕ್ಕೆ ಕರೆದ. ವೇದಿಕೆಯ ಮೇಲೆ ಕಾರಿನ ಷಾಸಿಯಿತ್ತು. ಮೈಯನ್ನು ಬೋಲ್ಟ್ ಹಾಕದೆ ಅದರ ಮೇಲೆ ಕೂರಿಸಲಾಗಿತ್ತು. ಕೆಲಸಗಾರರು ಮೈಯನ್ನು ಎತ್ತಿ ಪಕ್ಕಕ್ಕಿಟ್ಟರು. ಗ್ಯಾಸ್ ಕಟರ್ ಹಿಡಿದವರು ಎಲ್ಲರ ಕಣ್ಣೆದುರೇ ಚೌಕಟ್ಟನ್ನು ತುಂಡರಿಸಿ, ತಗ್ಗಿಸಿ, ಮರಳಿ ಬೆಸೆದರು. ಮೈಯನ್ನು ಮತ್ತೆ ಕೂರಿಸಿದಾಗ ಕಾರು ಕೆಲವು ಅಂಗುಲ ಕೆಳಗಿಳಿದಿತ್ತು. ತಗಡಿನ ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೂ ಅದು ಬೇರೆಯೇ ಕಾರಿನಂತೆ ಕಂಡಿತು. ಆಗದು ಎಂದಿದ್ದವರಿಗೆ ಮತ್ತೆ ವಾದಿಸಲು ಏನೂ ಉಳಿಯಲಿಲ್ಲ.

ಇಂದು ಗ್ಯಾರೇಜಿನಲ್ಲಿ ಹಳೆಯ ಲಾರಿಯ ಷಾಸಿಗೆ ಕಟರ್ ಹಿಡಿಯುವ ಹವ್ಯಾಸಿ ಮಾಡುವುದೂ ತತ್ತ್ವದಲ್ಲಿ ಇದನ್ನೇ.

ಮುಂದೆ ಸರಿದ ಎಂಜಿನ್

ಪ್ರದರ್ಶನ ಸುಲಭ, ರಸ್ತೆಯ ಮೇಲೆ ಓಡುವ ಕಾರು ಮಾಡುವುದು ಕಷ್ಟ. ಹಿಂದಿನ ಸೀಟು ಹಿಂಬದಿಯ ಆಕ್ಸಲ್‌ನ ಮೇಲೆಯೇ ಇರುವವರೆಗೆ ಅದನ್ನು ಇಳಿಸಲು ಎಡೆಯಿರಲಿಲ್ಲ. ಸೀಟನ್ನು ಮುಂದಕ್ಕೆ ತರಬೇಕು. ಅದಕ್ಕಾಗಿ ಎಂಜಿನ್ ಮುಂದೆ ಸರಿಯಬೇಕು. ಆದರೆ ಎಂಜಿನ್‌ನ ಮುಂದೆ, ಎಡಗಾಲಿಯಿಂದ ಬಲಗಾಲಿಗೆ ಇಡಿಯಾದ ಆಕ್ಸಲ್ ತೊಲೆ ಅಡ್ಡಲಾಗಿತ್ತು. ಗುಂಡಿಗೆ ಬಿದ್ದಾಗ ಆ ತೊಲೆ ಮೇಲೇಳಲು ಜಾಗ ಬಿಡಲೇಬೇಕಾಗಿತ್ತು. ಮುಂಭಾಗಕ್ಕೆ ಭಾರ ಹೆಚ್ಚಿದರೆ ಚಕ್ರಗಳು ಅದುರುವ ಭಯವೂ ಇತ್ತು.

ಈ ಗಂಟನ್ನು ಬಿಡಿಸಿದ್ದು ಅರ್ಲ್ ಅಲ್ಲ, ರೋಲ್ಸ್-ರಾಯ್ಸ್‌ನಿಂದ ಬಂದಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್. 1934ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಅಳವಡಿಸಿದ ಸ್ವತಂತ್ರ ಮುಂಗಾಲಿ ವ್ಯವಸ್ಥೆ ಓಲಿಯ ಪರಿಶ್ರಮದ ಫಲ. ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ಏರಿಳಿಯತೊಡಗಿದ ಮೇಲೆ ಅಡ್ಡ ತೊಲೆಯ ಅಗತ್ಯ ತಪ್ಪಿತು. ಎಂಜಿನ್ ಮುಂದೆ ಸರಿಯಿತು, ಸೀಟುಗಳು ಆಕ್ಸಲ್‌ಗಳ ನಡುವಿನ ತಗ್ಗಿಗೆ ಇಳಿದವು, ಮೂತಿ ತಗ್ಗಿತು. 1938ರ ಕ್ಯಾಡಿಲಾಕ್ ಸಿಕ್ಸ್ಟಿ ಸ್ಪೆಷಲ್ ಮೆಟ್ಟಿಲಹಲಗೆಯನ್ನೇ ತ್ಯಜಿಸಿತು. ಅದನ್ನು ರೂಪಿಸಿದವನು ಅರ್ಲ್‌ನ ಕೈಕೆಳಗಿದ್ದ ಯುವಕ ಬಿಲ್ ಮಿಚೆಲ್. ಅದೇ ವರ್ಷ ಅರ್ಲ್ ತನ್ನ ಕನಸಿನ ಕಾರು ವೈ-ಜಾಬ್ ಅನ್ನು ಕಟ್ಟಿಸಿದ. ಮರೆಯಾಗುವ ದೀಪಗಳು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿಗಳು, ಕೇವಲ 13 ಅಂಗುಲದ ಚಕ್ರಗಳು ಅದರಲ್ಲಿದ್ದವು. ಮಾರಾಟಕ್ಕಲ್ಲದ ಆ ಕಾರನ್ನು ಆತ ಹಲವು ವರ್ಷ ತಾನೇ ಓಡಿಸಿದ. 1940ರಲ್ಲಿ ಆತ ಕಂಪೆನಿಯ ಉಪಾಧ್ಯಕ್ಷನಾದ. ವಿನ್ಯಾಸಕಾರನೊಬ್ಬನಿಗೆ ಅಂಥ ಸ್ಥಾನ ಅಲ್ಲಿಯವರೆಗೆ ದಕ್ಕಿರಲಿಲ್ಲ.

ಲಾರಿಗೂ ಬಂದ ಸೊಬಗು

ಯುದ್ಧಾನಂತರದ ಅಮೆರಿಕ ಹಣವಂತ ಅಮೆರಿಕ. ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲದಿಂದ ಪ್ರೇರಣೆ ಪಡೆದ ರೆಕ್ಕೆಗಳು 1948ರ ಕ್ಯಾಡಿಲಾಕ್‌ನ ಬೆನ್ನೇರಿದವು. 1953ರಲ್ಲಿ ಫೈಬರ್‌ಗ್ಲಾಸ್ ಮೈಯ ಕಾರ್ವೆಟ್ ಬಂತು. ಮೊದಲ ವರ್ಷ ತಯಾರಾದದ್ದು 300 ಮಾತ್ರ. ಎರಡು ವರ್ಷಗಳ ಬಳಿಕ, 1955ರಲ್ಲಿ, ಈ ಅಲಂಕಾರದ ಗಾಳಿ ಲಾರಿಗೂ ಬೀಸಿತು.

ಆ ವರ್ಷದ ಷೆವರ್ಲೆ ಕ್ಯಾಮಿಯೊ ಪಿಕಪ್ ಅರ್ಲ್‌ನ ವಿಭಾಗದ ಕೂಸು. ಅದರ ಹಿಂದಿದ್ದವನು ಚಕ್ ಜೋರ್ಡನ್ ಎಂಬ ಯುವ ವಿನ್ಯಾಸಕಾರ. ಸರಕು ತುಂಬುವ ಉಕ್ಕಿನ ಪೆಟ್ಟಿಗೆಯ ಹೊರಗೆ ಫೈಬರ್‌ಗ್ಲಾಸ್ ಹೊದಿಕೆ ಹೊಂದಿಸಿ, ಚಾಲಕನ ಕೋಣೆಯಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಹರಿಯುವಂತೆ ಮಾಡಲಾಗಿತ್ತು. ಮೊದಲ ವರ್ಷ 5 ಸಾವಿರಕ್ಕೂ ಹೆಚ್ಚು ಕ್ಯಾಮಿಯೊಗಳು ತಯಾರಾದವು. ಲಾರಿಯೂ ಚೆಲುವಾಗಿರಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಆದರೆ ಆ ಚೆಲುವಿನ ಕೆಳಗೆ ಹಳೆಯ ಏಣಿಯೇ ಇತ್ತು. ಕಾರುಗಳಿಂದ 1934ರಲ್ಲೇ ಕಣ್ಮರೆಯಾಗತೊಡಗಿದ್ದ ಇಡಿಯಾದ ಆಕ್ಸಲ್ ತೊಲೆ ಮತ್ತು ಲೀಫ್ ಸ್ಪ್ರಿಂಗುಗಳು ಷೆವರ್ಲೆಯ ಲಾರಿಗಳ ಮುಂಭಾಗದಲ್ಲಿ 1950ರ ದಶಕದ ಕೊನೆಯವರೆಗೂ ಉಳಿದವು. ತಗ್ಗಿದ ಷಾಸಿ ಮತ್ತು ಸ್ವತಂತ್ರ ಮುಂಗಾಲಿಗಳು ಅವುಗಳಿಗೆ ಬಂದದ್ದು 1960ರ ಮಾದರಿಯಲ್ಲಿ. ಹೀಗಾಗಿ 1955ರ ಲಾರಿ ಮೈಯಲ್ಲಿ ಆಧುನಿಕ, ಎಲುಬಿನಲ್ಲಿ ಪುರಾತನ. ಹವ್ಯಾಸಿಗಳು ಕಟರ್ ಹಿಡಿಯುವುದು ಈ ಅಂತರವನ್ನು ಅಳಿಸಲೆಂದೇ.

ಅದರ ಬಗೆಗಳು ಹಲವು. ಷಾಸಿಯನ್ನು ಮುಟ್ಟದೆ, ತುದಿಗಳು ಮೇಲಕ್ಕೆ ಬಾಗಿದ ಆಕ್ಸಲ್ ಹಾಕಿ ಕೆಲವು ಅಂಗುಲ ಇಳಿಸಬಹುದು. ಸ್ಪ್ರಿಂಗಿನ ಬಾಗನ್ನು ಕಡಿಮೆ ಮಾಡಬಹುದು. ಇನ್ನೂ ಇಳಿಯಬೇಕೆಂದರೆ ತೊಲೆಗಳನ್ನು ಕತ್ತರಿಸಿ, ಮುಂದಿನ ತುಂಡನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿ ಬೆಸೆಯಬೇಕು. ಇಲ್ಲವೇ ನಂತರದ ಕಾಲದ ಕಾರೊಂದರ ಮುಂಗಾಲಿ ವ್ಯವಸ್ಥೆಯನ್ನು ತಂದು ಕೂಡಿಸಬೇಕು. ಅಪಾಯವಿರುವುದು ಇಲ್ಲೇ. ತೊಲೆಯನ್ನು ನೆಟ್ಟಗೆ ಕತ್ತರಿಸಿ ಬೆಸೆದರೆ ಆ ಒಂದೇ ಗೆರೆಯಲ್ಲಿ ಒತ್ತಡ ಕೂಡಿ ಬಿರುಕು ಬಿಡುತ್ತದೆ. ಅದಕ್ಕೆಂದೇ ಬಲ್ಲವರು ಓರೆಯಾಗಿ ಅಥವಾ ಮೆಟ್ಟಿಲಾಗಿ ಕತ್ತರಿಸಿ, ಬೆಸುಗೆಯ ಆಚೀಚೆಗೆ ಚಾಚುವ ಉಕ್ಕಿನ ಫಲಕವನ್ನು ಹೊದಿಸುತ್ತಾರೆ. ಒಂದು ಬದಿ ತೆರೆದ ತೊಲೆಯನ್ನು ಮುಚ್ಚಿ ಪೆಟ್ಟಿಗೆಯಾಗಿಸುತ್ತಾರೆ. ಸ್ಟಿಯರಿಂಗ್‌ನ ಸರಳುಗಳು ಹಳೆಯ ಕೋನದಲ್ಲೇ ಉಳಿದರೆ ಪ್ರತಿ ಗುಂಡಿಗೂ ಚಕ್ರ ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಎಂಜಿನ್‌ನ ಎಣ್ಣೆಪಾತ್ರೆಗೂ ನೆಲಕ್ಕೂ ನಡುವಿನ ಅಂತರ, ಪೂರ್ತಿ ತಿರುಗಿದ ಟಯರಿಗೂ ಮಡ್ಗಾರ್ಡಿಗೂ ನಡುವಿನ ಅಂತರ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಹೊರಗಿನಿಂದ ನೋಡುವವನಿಗೆ ಕಾಣುವುದು ತಗ್ಗಿದ ಮೂತಿ ಮಾತ್ರ.

ಗುರುವಿಗೇ ತಿರುಮಂತ್ರ

1956ರ ಬೇಸಿಗೆಯಲ್ಲಿ ಅರ್ಲ್ ಯುರೋಪಿಗೆ ಹೋಗಿದ್ದ. ಆಗ ಡೆಟ್ರಾಯಿಟ್‌ನಲ್ಲಿ ಅದೇ ಚಕ್ ಜೋರ್ಡನ್ ಪ್ರತಿಸ್ಪರ್ಧಿ ಕ್ರೈಸ್ಲರ್‌ನ ಕಾರ್ಖಾನೆಯ ಬೇಲಿಯಾಚೆ ಸಾಲಾಗಿ ನಿಂತಿದ್ದ ಹೊಸ ಕಾರುಗಳನ್ನು ಕಂಡ. ವರ್ಜಿಲ್ ಎಕ್ಸ್ನರ್ ರೂಪಿಸಿದ್ದ ಆ 1957ರ ಮಾದರಿಗಳು ತಗ್ಗು, ತೆಳು, ಚೂಪು. ಅವುಗಳ ಮುಂದೆ ಅರ್ಲ್ ಸಿದ್ಧಪಡಿಸುತ್ತಿದ್ದ ದುಂಡನೆಯ, ಕ್ರೋಮ್ ಮೆತ್ತಿದ ಕಾರುಗಳು ಮುದಿಯಾಗಿ ಕಂಡವು. ತಗ್ಗಿಸುವ ಮಂತ್ರ ಹೇಳಿಕೊಟ್ಟವನನ್ನೇ ಆ ಮಂತ್ರದಲ್ಲಿ ಬೇರೆಯವರು ಮೀರಿಸಿದ್ದರು.

ಅರ್ಲ್‌ನ ಯುವ ಸಹಾಯಕರು ಬಿಲ್ ಮಿಚೆಲ್‌ನ ಮುಂದಾಳತ್ವದಲ್ಲಿ ಆತನ ಅನುಮತಿಯಿಲ್ಲದೆಯೇ 1959ರ ಮಾದರಿಗಳನ್ನು ಹೊಸದಾಗಿ ಬರೆಯತೊಡಗಿದರು. ಮರಳಿ ಬಂದ ಅರ್ಲ್ ಇದನ್ನು ಕಂಡು ಕೆರಳಿ ಎಲ್ಲರನ್ನೂ ಹೊರಗಟ್ಟಬಹುದೆಂಬ ಭಯವಿತ್ತು. ಹಾಗಾಗಲಿಲ್ಲ. ನೋಡಿದ, ಯೋಚಿಸಿದ, ಕೊನೆಗೆ ಒಪ್ಪಿದ. ಕಣ್ಣೆದುರಿನ ಮಾದರಿ ಸುಳ್ಳು ಹೇಳುವುದಿಲ್ಲ ಎಂದು ಇತರರಿಗೆ ಒಮ್ಮೆ ಕಲಿಸಿದ್ದವನು ಆ ಮಾತಿಗೆ ತಾನೂ ತಲೆಬಾಗಿದ. 1958ರ ಕೊನೆಯಲ್ಲಿ, 65ನೆಯ ವಯಸ್ಸಿಗೆ, ಆತ ನಿವೃತ್ತನಾದ. ಮಿಚೆಲ್ ಆ ಸ್ಥಾನಕ್ಕೆ ಬಂದ.

ಎಕ್ಸ್ ಆಕಾರದ ಬೆಲೆ

ಆ ಹೊತ್ತಿಗೆ ಕಾರು ಐದಡಿಗಿಂತ ಕೆಳಗಿಳಿದಿತ್ತು. ಇದನ್ನು ಸಾಧ್ಯವಾಗಿಸಿದ್ದು ಚೌಕಟ್ಟಿನ ಇನ್ನೊಂದು ರೂಪಾಂತರ. 1957ರಲ್ಲಿ ಕ್ಯಾಡಿಲಾಕ್‌ಗೂ 1958ರಲ್ಲಿ ಷೆವರ್ಲೆ ಕಾರುಗಳಿಗೂ ಎಕ್ಸ್ ಅಕ್ಷರದ ಆಕಾರದ ಷಾಸಿ ಬಂತು. ಎರಡು ಬದಿಯ ತೊಲೆಗಳು ಕಾರಿನ ನಡುಭಾಗದಲ್ಲಿ ಒಂದುಗೂಡಿ ಮತ್ತೆ ಕವಲೊಡೆಯುತ್ತಿದ್ದವು. ಬಾಗಿಲ ಬುಡದಲ್ಲಿ ತೊಲೆಯೇ ಇಲ್ಲದ್ದರಿಂದ ನೆಲಹಾಸು ತಗ್ಗಿತು, ಪ್ರಯಾಣಿಕರ ಕಾಲು ಚೌಕಟ್ಟಿನ ಪಕ್ಕಕ್ಕೇ ಇಳಿಯಿತು. ಆದರೆ ಪಕ್ಕದಿಂದ ಇನ್ನೊಂದು ವಾಹನ ಬಂದು ಗುದ್ದಿದರೆ ತಡೆಯಲು ಷಾಸಿಯ ಉಕ್ಕು ಅಲ್ಲಿರಲಿಲ್ಲ. ಈ ಕಾರಣಕ್ಕೆ ಟೀಕೆಗೊಳಗಾದ ಈ ಚೌಕಟ್ಟು ಷೆವರ್ಲೆಯ ದೊಡ್ಡ ಕಾರುಗಳಲ್ಲಿ 1964ರವರೆಗೆ ಮುಂದುವರಿಯಿತು.

1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕವೊಂದು ಕಾರು ಕಂಪೆನಿಗಳು ಅಂದಕ್ಕೆ ಕೊಟ್ಟ ಗಮನವನ್ನು ಜೀವರಕ್ಷಣೆಗೆ ಕೊಡಲಿಲ್ಲವೆಂದು ಆಪಾದಿಸಿತು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. 2009ರಲ್ಲಿ ಅಲ್ಲಿನ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ಹೊಸ ಕಾರಿನ ಗೊಂಬೆ ಚಾಲಕನಿಗೆ ಸಣ್ಣ ಗಾಯ. ಹಳೆಯ ಕಾರಿನಲ್ಲಿ ಮನುಷ್ಯನಿದ್ದಿದ್ದರೆ ಬದುಕುಳಿಯುತ್ತಿರಲಿಲ್ಲ. ಇದಕ್ಕೆ ಚೌಕಟ್ಟೊಂದೇ ಕಾರಣವಲ್ಲ. ಸೀಟ್ ಬೆಲ್ಟ್, ಏರ್‌ಬ್ಯಾಗ್ ಯಾವುದೂ ಇಲ್ಲದ, ಡಿಕ್ಕಿಯ ರಭಸವನ್ನು ಹೀರಿಕೊಳ್ಳುವ ಮುಂಭಾಗದ ಕಲ್ಪನೆಯೇ ಅಮೆರಿಕದ ಕಾರ್ಖಾನೆಗಳಲ್ಲಿ ಬೇರೂರದ ಕಾಲವದು. ಮೇಲೆ ಥಳಕು ಒಳಗೆ ಹುಳುಕು ಎಂದು ಆ ಕಾರುಗಳನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಒಳಗಿನ ಎಲುಬನ್ನು ಯಾವುದಕ್ಕಾಗಿ ಬದಲಿಸಲಾಯಿತು, ಯಾವುದನ್ನು ಮರೆಯಲಾಯಿತು ಎಂಬ ಪ್ರಶ್ನೆಯಿಂದ ಅರ್ಲ್‌ನ ಕಾಲ ತಪ್ಪಿಸಿಕೊಳ್ಳುವಂತಿಲ್ಲ.

ನಿವೃತ್ತಿಯ ನಂತರ ಅರ್ಲ್ ಫ್ಲಾರಿಡಾದಲ್ಲಿ ನೆಲೆಸಿದ. 1969ರ ಏಪ್ರಿಲ್ 10ರಂದು ವೆಸ್ಟ್ ಪಾಮ್ ಬೀಚ್‌ನಲ್ಲಿ ಆತನ ಬದುಕು ಮುಗಿಯಿತು. ಡೇಟೋನಾ 500 ಓಟದ ವಿಜೇತರಿಗೆ ಕೊಡುವ ಟ್ರೋಫಿಗೆ ಆತನದೇ ಹೆಸರಿದೆ. ಜೇಡಿಮಣ್ಣಿನ ಮಾದರಿ, ಪ್ರದರ್ಶನಕ್ಕೆಂದೇ ಕಟ್ಟುವ ಕನಸಿನ ಕಾರು, ಪ್ರತಿ ಕಂಪೆನಿಯಲ್ಲೂ ಇರುವ ವಿನ್ಯಾಸ ವಿಭಾಗ ಇವೆಲ್ಲ ಆತ ಬಿಟ್ಟುಹೋದ ಆಸ್ತಿ.

ಆದರೆ ಹಳೆಯ ಲಾರಿಯ ಮುಂದೆ ಕಟರ್ ಹಿಡಿದು ನಿಂತವನಿಗೆ ಆತನ ಬದುಕಿನಿಂದ ದೊರೆಯುವ ತಿಳಿವಳಿಕೆ ಬೇರೆ. ವಾಹನವನ್ನು ತಗ್ಗಿಸಬೇಕೆಂದರೆ ಎಲುಬನ್ನೇ ಕತ್ತರಿಸಬೇಕು ಎಂದು ಅರ್ಲ್ ಆ ದಿನ ವೇದಿಕೆಯ ಮೇಲೆ ತೋರಿಸಿದ. ಕತ್ತರಿಸಿದ ಎಲುಬು ಹಳೆಯದಕ್ಕಿಂತ ಗಟ್ಟಿಯಾಗಿ ಕೂಡಬೇಕು ಎಂಬುದನ್ನು ಆತನ ನಂತರದ ದಶಕಗಳು ತೋರಿಸಿದವು. ಮೊದಲನೆಯ ಪಾಠಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ, ಆ ವಾಹನದಲ್ಲಿ ಕುಳಿತು ಹೋಗುವವರ ಮೇಲೆ ಕಾಳಜಿಯೂ ಬೇಕು.